ಹಳೇ ಕಾರಿನ ಚೋಕ್: ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕು

ಬೆಳಗಿನ ಮೊದಲ ಸೆಲ್ಫ್ ಸ್ಟಾರ್ಟಿಗೇ ಗಾಡಿ ಎದ್ದುಬಿಟ್ಟರೆ ಚೋಕ್ (ತಣ್ಣಗಿನ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಕೊಡುವ ಏರ್ಪಾಡು) ಸರಿಯಾಗಿದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಚೋಕ್‌ನಿಂದ ಆಗುವ ಹಾನಿಯಲ್ಲಿ ಹೆಚ್ಚಿನದು ಗಾಡಿ ಎದ್ದ ಮೇಲಿನದು. ಡ್ಯಾಶ್‌ಬೋರ್ಡಿನ ಚೋಕ್ ನಾಬ್ ಹೊರಗಿರುವುದನ್ನು ಮರೆತು ಹತ್ತು ಕಿಲೋಮೀಟರ್ ಓಡಿಸಿರುತ್ತೇವೆ. ಇಲ್ಲವೇ ನಾಬ್ ಒಳಗೆ ಹೋಗಿದ್ದರೂ ಕೇಬಲ್ ಅಂಟಿಕೊಂಡು, ಬಾನೆಟ್ ಒಳಗೆ ಚೋಕ್ ಇನ್ನೂ ಅರ್ಧ ಮುಚ್ಚಿಯೇ ಇರುತ್ತದೆ. ಪದ್ಮಿನಿ, ಅಂಬಾಸಡರ್, ಮಾರಿಸ್ ಮೈನರ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇದ್ದ ಕಾಲದ ಮಾರುತಿ 800 ಮತ್ತು ಓಮ್ನಿ ಇಟ್ಟುಕೊಂಡವರು ಈ ಎರಡನೆಯ ಅರ್ಧವನ್ನು ಚೆನ್ನಾಗಿ ಕಲಿತರೆ ಪ್ಲಗ್, ಎಂಜಿನ್ ಆಯಿಲ್, ಮೈಲೇಜ್ ಮೂರೂ ಉಳಿಯುತ್ತವೆ.

ತಣ್ಣಗಿನ ಎಂಜಿನ್ ಯಾಕೆ ಹಟ ಹಿಡಿಯುತ್ತದೆ

ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ. ಆವಿಯಾಗಿ ಗಾಳಿಯ ಜೊತೆ ಬೆರೆತಾಗ ಮಾತ್ರ ಉರಿಯುತ್ತದೆ. ಬಿಸಿಯಾದ ಎಂಜಿನ್‌ಗೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕು. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶ ಮಾತ್ರ ಆವಿಯಾಗುತ್ತದೆ. ಉಳಿದದ್ದು ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನೀರು ಹನಿಗಟ್ಟುವ ಹಾಗೆ ಮ್ಯಾನಿಫೋಲ್ಡಿನ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯ) ಗೋಡೆಗೆ ಹನಿಗಟ್ಟಿ ಕೂರುತ್ತದೆ. ಹಾಗಾಗಿ ಸಿಲಿಂಡರಿಗೆ ಬೇಕಾದಷ್ಟು ಆವಿ ತಲುಪಬೇಕಾದರೆ ಕಾರ್ಬುರೇಟರ್ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಪೆಟ್ರೋಲ್ ಬಿಡಬೇಕು.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಸೆಲ್ಫ್ ತಿರುಗಿಸುವಾಗ ಎಂಜಿನ್ ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ತೆವಳುತ್ತಿರುತ್ತದೆ. ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿ ರಭಸವಾಗಿ ಹಾದುಹೋದರೆ ಮಾತ್ರ ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಅಷ್ಟು ನಿಧಾನದ ಸುತ್ತಿನಲ್ಲಿ ಆ ಎಳೆತವೇ ಇರುವುದಿಲ್ಲ. ಬೇಕಾದದ್ದು ಹೆಚ್ಚು ಪೆಟ್ರೋಲ್, ಸಿಗುವುದು ಮಾಮೂಲಿಗಿಂತ ಕಡಿಮೆ. ಈ ಕೊರತೆ ತುಂಬುವುದೇ ಚೋಕ್‌ನ ಕೆಲಸ.

ನಿಮ್ಮ ಗಾಡಿಯಲ್ಲಿರುವುದು ಯಾವ ಚೋಕ್

ಇದನ್ನು ಮೊದಲು ತಿಳಿದುಕೊಳ್ಳಿ, ಏಕೆಂದರೆ ಸ್ಟಾರ್ಟ್ ಮಾಡುವ ಕ್ರಮ ಇದರ ಮೇಲೆ ನಿಂತಿದೆ. ಎಂಜಿನ್ ಬಂದ್ ಮಾಡಿ, ಏರ್ ಕ್ಲೀನರ್ ಬಿಚ್ಚಿ, ಕಾರ್ಬುರೇಟರಿನ ಬಾಯಿಯನ್ನು ನೋಡಿ. ಒಳಗೆ ಕೂತ ಇನ್ನೊಬ್ಬರಿಗೆ ಚೋಕ್ ನಾಬನ್ನು ನಿಧಾನವಾಗಿ ಎಳೆಯಲು ಹೇಳಿ.

ಬಾಯಿಗೆ ಅಡ್ಡಲಾಗಿ ಒಂದು ಹಿತ್ತಾಳೆ ಅಥವಾ ಉಕ್ಕಿನ ಬಿಲ್ಲೆ ತಿರುಗಿ ಮುಚ್ಚಿಕೊಂಡರೆ ಅದು ಫ್ಲಾಪ್ ಚೋಕ್. ಮಾರುತಿ 800ರಲ್ಲಿ ಇರುವುದು ಇದೇ. ಬಿಲ್ಲೆ ಮುಚ್ಚಿಕೊಂಡಾಗ ಎಂಜಿನ್ ಎಳೆಯುವ ನಿರ್ವಾತವೆಲ್ಲ ನೇರವಾಗಿ ಜೆಟ್‌ನ ಮೇಲೆ ಬೀಳುತ್ತದೆ, ಪೆಟ್ರೋಲ್ ಚಿಮ್ಮಿ ಬರುತ್ತದೆ. ಹತ್ತಿರದಿಂದ ನೋಡಿದರೆ ಬಿಲ್ಲೆಯ ಕಡ್ಡಿ ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು. ಇದು ತಪ್ಪಲ್ಲ. ಎಂಜಿನ್ ಹತ್ತಿಕೊಂಡ ಕೂಡಲೇ ಗಾಳಿಯ ಒತ್ತಡ ಅಗಲವಾದ ಪಕ್ಕವನ್ನು ತಳ್ಳಿ, ಸಣ್ಣ ಸ್ಪ್ರಿಂಗಿನ ವಿರುದ್ಧ ಬಿಲ್ಲೆಯನ್ನು ಒಂದಿಷ್ಟು ತೆರೆಯುತ್ತದೆ. ಇಲ್ಲದಿದ್ದರೆ ಹತ್ತಿಕೊಂಡ ಎಂಜಿನ್ ಮರುಕ್ಷಣವೇ ಪೆಟ್ರೋಲ್ ಕುಡಿದು ಉಸಿರುಗಟ್ಟುತ್ತಿತ್ತು. ಬಿಲ್ಲೆಯ ಪಕ್ಕದಲ್ಲೇ ಒಂದು ಕ್ಯಾಮ್ ಇದ್ದು, ಚೋಕ್ ಎಳೆದಾಗ ಕೆಳಗಿನ ಥ್ರಾಟಲನ್ನೂ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಕೂದಲೆಳೆಯಷ್ಟು ತೆರೆದಿಡುತ್ತದೆ. ಚೋಕ್‌ನಲ್ಲಿ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರುವುದು ಇದರಿಂದ.

ಬಿಲ್ಲೆಯೇ ಇಲ್ಲ, ನಾಬ್ ಎಳೆದರೆ ಕಾರ್ಬುರೇಟರಿನ ಪಕ್ಕದ ಒಂದು ಗುಂಡನೆಯ ಡಬ್ಬಿಯ ಮೇಲಿನ ಲಿವರ್ ಮಾತ್ರ ತಿರುಗುತ್ತದೆ ಎಂದಾದರೆ ಅದು ಸೋಲೆಕ್ಸ್ ಕಂಪನಿಯ ಕಾರ್ಬುರೇಟರಿನ ಸ್ಟಾರ್ಟರ್. ಪದ್ಮಿನಿ, ಹಳೇ ಜೀಪುಗಳಲ್ಲಿ ಕಾಣುವ ಸೋಲೆಕ್ಸ್ ಪಿಬಿಐಸಿ ಈ ಜಾತಿಯದು. ಇದನ್ನು ಚೋಕ್ ಎನ್ನುವುದು ರೂಢಿಯ ಮಾತು ಅಷ್ಟೇ, ಗಾಳಿಯನ್ನು ಇದು ಕಟ್ಟುವುದಿಲ್ಲ. ದೊಡ್ಡ ಕಾರ್ಬುರೇಟರಿನ ಪಕ್ಕೆಗೆ ಅಂಟಿದ ಪುಟ್ಟ ಕಾರ್ಬುರೇಟರ್ ಎನ್ನಿ: ತನ್ನದೇ ಜೆಟ್, ತನ್ನದೇ ಗಾಳಿ ತೂತು. ಡಬ್ಬಿಯೊಳಗೆ ತೂತುಗಳಿರುವ ಒಂದು ಬಿಲ್ಲೆ ತಿರುಗಿ ದಾರಿ ತೆರೆಯುತ್ತದೆ. ತಯಾರಾದ ಮಿಶ್ರಣ ಹೊರಬೀಳುವುದು ಥ್ರಾಟಲ್‌ನ ಕೆಳಗೆ. ಥ್ರಾಟಲ್ ಮುಚ್ಚಿದ್ದರೆ ಮಾತ್ರ ಅಲ್ಲಿ ಬಲವಾದ ನಿರ್ವಾತ ಇರುತ್ತದೆ. ಆಕ್ಸಿಲರೇಟರ್ ಒತ್ತಿದಿರೋ, ನಿರ್ವಾತ ಬಿದ್ದುಹೋಗಿ ಸ್ಟಾರ್ಟರ್ ಕೆಲಸ ನಿಲ್ಲಿಸುತ್ತದೆ. ‘ಚೋಕ್ ಎಳೆದು ರೇಸ್ ಕೊಡ್ತಾ ಸೆಲ್ಫ್ ಹೊಡಿ’ ಎಂಬ ಸಲಹೆ ಪದ್ಮಿನಿಯಲ್ಲಿ ಕೈಕೊಡುವುದು ಇದಕ್ಕೇ.

ಮೂರನೆಯದು ಎಸ್‌ಯು ಕಾರ್ಬುರೇಟರಿನದು. ಮಾರಿಸ್ ಮೈನರ್, ಮಿನಿಯಂಥ ಬ್ರಿಟಿಷ್ ಗಾಡಿಗಳದು. ಇಲ್ಲಿ ಚೂಪಾದ ಸೂಜಿಯೊಂದು ಹಿತ್ತಾಳೆ ಜೆಟ್‌ನೊಳಗೆ ಇಳಿದಿರುತ್ತದೆ. ನಾಬ್ ಎಳೆದರೆ ಜೆಟ್ಟೇ ಕೆಳಗೆ ಸರಿಯುತ್ತದೆ, ಸೂಜಿಯ ಸುತ್ತಲಿನ ಸಂದು ಅಗಲವಾಗಿ ಹೆಚ್ಚು ಪೆಟ್ರೋಲ್ ಏರುತ್ತದೆ. ಇದರಲ್ಲಿ ಒಂದು ಸೊಗಸಿದೆ: ನಾಬಿನ ಮೊದಲ ಅರ್ಧ ಇಂಚಿನೊಳಗಿನ ಎಳೆತದಲ್ಲಿ ಥ್ರಾಟಲ್ ಮಾತ್ರ ಏರುತ್ತದೆ, ಜೆಟ್ ಅಲುಗುವುದಿಲ್ಲ. ಅಂದರೆ ಪೆಟ್ರೋಲ್ ಹೆಚ್ಚಿಸದೆ ಐಡ್ಲಿಂಗ್ ಮಾತ್ರ ಏರಿಸಿ ಎಂಜಿನ್ ಬೆಚ್ಚಗಾಗಲು ಬಿಡಬಹುದು.

ಸ್ಟಾರ್ಟ್ ಮಾಡುವ ಕ್ರಮ

ಗಾಡಿ ಷೆಡ್ಡಿನೊಳಗಿದ್ದರೆ ಮೊದಲು ಬಾಗಿಲು ಪೂರ್ತಿ ತೆರೆಯಿರಿ. ಚೋಕ್‌ನಲ್ಲಿ ಓಡುವ ಎಂಜಿನ್‌ನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಾ ಹೆಚ್ಚು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಹೆಡ್‌ಲೈಟ್ ಮತ್ತು ಫ್ಯಾನ್ ಬಂದ್. ವಾರಗಟ್ಟಲೆ ನಿಂತ ಗಾಡಿಯಾದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಆರಿಹೋಗಿರುತ್ತದೆ. ಪೆಟ್ರೋಲ್ ಪಂಪಿಗೆ ಕೈ ಲಿವರ್ ಇದ್ದರೆ ಹತ್ತು ಹದಿನೈದು ಸಲ ಒತ್ತಿ, ಬಿಗಿ ಬರುವವರೆಗೆ ಬಟ್ಟಲು ತುಂಬಿಸಿ. ಸುಮ್ಮನೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸುವುದಕ್ಕಿಂತ ಇದು ವಾಸಿ.

ನಾಬನ್ನು ಪೂರ್ತಿ ಎಳೆಯಿರಿ. ಕೆಲವು ಗಾಡಿಗಳಲ್ಲಿ ಎಳೆದ ಮೇಲೆ ಸ್ವಲ್ಪ ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ. ಕಾಲು ಆಕ್ಸಿಲರೇಟರಿನಿಂದ ದೂರ ಇರಲಿ. ಫ್ಲಾಪ್ ಚೋಕ್ ಇರುವ ಗಾಡಿಯಲ್ಲಿ ತೀರ ಚಳಿಯಿದ್ದರೆ ಮೊದಲೇ ಒಂದು ಸಲ ಒತ್ತಿ ಬಿಡಬಹುದು, ಪಂಪ್ ಜೆಟ್‌ನಿಂದ ಒಂದು ಚಿಮ್ಮು ಒಳಹೋಗುತ್ತದೆ. ಒಂದು ಸಲ ಎಂದರೆ ಒಂದೇ ಸಲ. ಈಗ ಸೆಲ್ಫ್, ಒಂದು ಬಾರಿಗೆ 5 ಸೆಕೆಂಡಿಗಿಂತ ಹೆಚ್ಚು ಬೇಡ. ಏಳದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಮೂರು ಸಲಕ್ಕೂ ಏಳದಿದ್ದರೆ ನಿಲ್ಲಿಸಿ, ನಾಲ್ಕನೆಯದು ಪ್ಲಗ್ ನೆನೆಸಲಿಕ್ಕೆ ಮಾತ್ರ ಉಪಯೋಗ.

ಎಂಜಿನ್ ಹತ್ತಿಕೊಂಡ ಮೇಲೆ ನಿಜವಾದ ಕೆಲಸ ಕಿವಿಯದು. ಐದು ಹತ್ತು ಸೆಕೆಂಡ್ ಒಂದೇ ಸಮ ಓಡಿದ ಕೂಡಲೇ ನಾಬನ್ನು ಮೂರರಲ್ಲಿ ಒಂದು ಪಾಲು ಒಳಗೆ ತಳ್ಳಿ. ಆಮೇಲೆ ಎರಡು ಸದ್ದುಗಳನ್ನು ಗುರುತಿಸಬೇಕು. ಏರಿದ್ದ ದನಿ ಇಳಿದು ದಪ್ಪಗಾಗಿ, ಎಂಜಿನ್ ಲಯ ತಪ್ಪಿ ಕುಂಟಿದ ಹಾಗೆ ಓಡಿ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಕಂಡರೆ ಪೆಟ್ರೋಲ್ ಹೆಚ್ಚಾಗಿದೆ, ಇನ್ನಷ್ಟು ಒಳಗೆ ತಳ್ಳಿ. ಅದರ ಬದಲು ರೇಸ್ ಕೊಟ್ಟಾಗ ಎಂಜಿನ್ ತಡವರಿಸಿ, ಕಾರ್ಬುರೇಟರಿನ ಬಾಯಲ್ಲಿ ಸೀನಿದಂತೆ ‘ಫಟ್’ ಎಂದರೆ ಗಾಳಿ ಹೆಚ್ಚಾಗಿದೆ, ನೀವು ಆತುರಪಟ್ಟಿರಿ. ಕಾಲು ಇಂಚು ವಾಪಸ್ ಎಳೆಯಿರಿ. ಈ ಎರಡರ ನಡುವೆ ನಾಬನ್ನು ಇಳಿಸುತ್ತಾ ಬರುವುದೇ ಚೋಕ್ ಓಡಿಸುವ ಕಲೆ.

ನಿಲ್ಲಿಸಿಯೇ ಎಂಜಿನ್ ಬಿಸಿ ಮಾಡುತ್ತಾ ಕೂರಬೇಡಿ. ಅರ್ಧ ನಿಮಿಷದಲ್ಲಿ ಹೊರಟುಬಿಡಿ, ಮೊದಲ ಕಿಲೋಮೀಟರ್ ಮೆಲ್ಲಗೆ ಓಡಿಸಿ. ಕೆಲಸ ಮಾಡುವ ಎಂಜಿನ್ ಬೇಗ ಬಿಸಿಯಾಗುತ್ತದೆ, ಚೋಕ್ ಅಷ್ಟು ಬೇಗ ಪೂರ್ತಿ ಒಳಗೆ ಹೋಗುತ್ತದೆ. ಒಂದೆರಡು ಕಿಲೋಮೀಟರ್ ಆದ ಮೇಲೂ ಚೋಕ್ ಬೇಕು ಎಂದರೆ ದೋಷ ಬೇರೆ ಎಲ್ಲೋ ಇದೆ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಕಾರವಾರದ ಕಡೆ ವರ್ಷದ ಬಹುಪಾಲು ಅರ್ಧ ಚೋಕ್ ಸಾಕು, ಅದೂ ಕೆಲವೇ ಸೆಕೆಂಡ್. ಬೆಂಗಳೂರಿನ ಜನವರಿಯಲ್ಲಿ ಪೂರ್ತಿ ಎಳೆದು ಒಂದೆರಡು ನಿಮಿಷದಲ್ಲಿ ಮುಗಿಸಬಹುದು. ಮಡಿಕೇರಿ, ಮೂಡಿಗೆರೆಯ ಮಂಜಿನ ಬೆಳಗಿನಲ್ಲಿ ಇನ್ನೂ ಕೊಂಚ ಹೊತ್ತು ಬೇಕಾದೀತು. ಅಲ್ಲಿ ಇನ್ನೊಂದು ತಾಪತ್ರಯ ತೇವದ್ದು: ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಪಸೆ ಕೂತು ಕಿಡಿ ಸೋರಿಹೋಗುತ್ತದೆ. ಚೋಕ್ ಮೇಲೆ ಅನುಮಾನ ಪಡುವ ಮೊದಲು ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ನೋಡಿ.

ಬಿಸಿ ಎಂಜಿನ್‌ಗೆ ಚೋಕ್ ಬೇಡವೇ ಬೇಡ. ಬೇಸಿಗೆಯ ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿದ ಗಾಡಿ ಮತ್ತೆ ಏಳುವುದಿಲ್ಲ ಎಂದು ಚೋಕ್ ಎಳೆಯುವವರಿದ್ದಾರೆ. ಆಗ ಆಗಿರುವುದು ತದ್ವಿರುದ್ಧ: ಎಂಜಿನ್ ಕಾವಿಗೆ ಬಟ್ಟಲಿನ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡಿಗೆ ಸುರಿದಿರುತ್ತದೆ. ಆಕ್ಸಿಲರೇಟರನ್ನು ಅರ್ಧದಷ್ಟು ಒತ್ತಿ ಹಿಡಿದು, ಪಂಪ್ ಮಾಡದೆ ಸೆಲ್ಫ್ ಹೊಡೆಯಿರಿ.

ಪೆಟ್ರೋಲ್ ಹೆಚ್ಚಾಗಿ ಕೂತರೆ

ಬಾನೆಟ್ ಸುತ್ತ ಗಾಢವಾದ ಪೆಟ್ರೋಲ್ ವಾಸನೆ, ಸೆಲ್ಫ್ ತಿರುಗುತ್ತದೆ, ಎಂಜಿನ್ ಮಾತ್ರ ಒಂದು ಸಲವೂ ಹತ್ತಿಕೊಳ್ಳುವುದಿಲ್ಲ. ಚೋಕನ್ನು ಪೂರ್ತಿ ಒಳಗೆ ತಳ್ಳಿ. ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಹಾಗೇ ಹಿಡಿದುಕೊಳ್ಳಿ. ಎತ್ತಿ ಎತ್ತಿ ಒತ್ತಿದರೆ ಪ್ರತಿ ಸಲವೂ ಪಂಪ್ ಜೆಟ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಐದರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಥ್ರಾಟಲ್ ಬಾಗಿಲು ಹಾರು ಹೊಡೆದಿರುವುದರಿಂದ ಗಾಳಿ ನುಗ್ಗಿ ಒಳಗಿನ ಹಸಿಯನ್ನು ಒಣಗಿಸುತ್ತದೆ. ಕೆಮ್ಮುತ್ತಾ ಏಳತೊಡಗಿದರೆ ಕಾಲನ್ನು ನಿಧಾನವಾಗಿ ಬಿಡಿ.

ಆಗಲೂ ಏಳದಿದ್ದರೆ ಪ್ಲಗ್ ಬಿಚ್ಚಲೇಬೇಕು. ನೆನೆದ ಪ್ಲಗ್‌ಗಳನ್ನು ಒರೆಸಿ ಒಣಗಿಸಿ. ಇಗ್ನಿಷನ್ ಕಾಯಿಲಿಗೆ ಕರೆಂಟ್ ತರುವ ಸಣ್ಣ ವೈರ್ ಕಳಚಿಟ್ಟು, ಪ್ಲಗ್ ಇಲ್ಲದೆಯೇ ಒಂದೆರಡು ಸೆಕೆಂಡ್ ಸೆಲ್ಫ್ ಹೊಡೆದು ಸಿಲಿಂಡರಿನಲ್ಲಿ ನಿಂತದ್ದನ್ನು ಹೊರಹಾಕಿ. ಕಾಯಿಲಿನ ವೈರ್ ಕಳಚುವುದನ್ನು ಮರೆಯಬೇಡಿ, ಪ್ಲಗ್ ತೂತಿನಿಂದ ಹೊರಚಿಮ್ಮುವ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಹದಿನೈದು ನಿಮಿಷ ಬಿಟ್ಟು ಪ್ಲಗ್ ಹಾಕಿ.

ಕಾರ್ಬುರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಹೊಯ್ದು ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಕಡೆ ಇದೆ. ಒಂದು ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಬಾಟಲಿಗೇ ಬರುತ್ತದೆ. ಚೋಕ್ ಸರಿಯಾಗಿ ಮುಚ್ಚುತ್ತಿಲ್ಲ ಎಂಬ ಅನುಮಾನವಿದ್ದರೆ ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯಿಗೆ ಒಂದು ಚಪ್ಪಟೆ ಹಲಗೆ ತುಂಡನ್ನು ಮುಕ್ಕಾಲು ಮುಚ್ಚುವಂತೆ ಹಿಡಿದು, ಇನ್ನೊಬ್ಬರಿಂದ ಎರಡು ಸೆಕೆಂಡ್ ಸೆಲ್ಫ್ ಹೊಡೆಸಿ. ಎಂಜಿನ್ ಎದ್ದರೆ ಕಿಡಿ ಸರಿಯಿದೆ, ಪೆಟ್ರೋಲ್ ಬರುತ್ತಿದೆ, ತಪ್ಪು ಚೋಕ್‌ನದೇ ಎಂದು ಖಾತ್ರಿ. ಅಂಗೈ ಇಡುವವರಿದ್ದಾರೆ, ಬ್ಯಾಕ್‌ಫೈರ್ ಆದರೆ ಸುಡುವುದು ಅಂಗೈಯೇ. ಬಟ್ಟೆಯಂತೂ ಇಡಲೇಬೇಡಿ, ಒಳಗೆ ಎಳೆದುಕೊಂಡುಬಿಡುತ್ತದೆ.

ಕೆಡುವುದು ಎಲ್ಲಿ

ಅತಿ ಹೆಚ್ಚು ಕೇಳಿಬರುವ ದೂರು: ‘ಚೋಕ್ ಎಳೆದರೆ ಮಾತ್ರ ಓಡುತ್ತೆ, ಒಳಗೆ ಬಿಟ್ಟರೆ ಆಫ್.’ ಎಂಜಿನ್ ಬಿಸಿಯಾದ ಮೇಲೂ ಹೀಗಾದರೆ ಚೋಕನ್ನು ಬಿಚ್ಚಬೇಡಿ, ಅದು ನಿರಪರಾಧಿ. ಎಲ್ಲೋ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಕಳ್ಳಗಾಳಿ ಒಳಬರುತ್ತಿದೆ, ಚೋಕ್ ಆ ಕೊರತೆಯನ್ನು ಮುಚ್ಚಿಹಾಕುತ್ತಿದೆ ಅಷ್ಟೇ. ಹೆಚ್ಚಿನ ಸಲ ಐಡ್ಲಿಂಗ್ ಜೆಟ್ ಕಸ ಹಿಡಿದಿರುತ್ತದೆ. ಬಿಚ್ಚಿ, ಕಾರ್ಬುರೇಟರ್ ಕ್ಲೀನರ್ ಹೊಡೆದು, ಗಾಳಿ ಊದಿ ಸ್ವಚ್ಛ ಮಾಡಿ. ತಂತಿ ಅಥವಾ ಪಿನ್ ತೂರಿಸಬೇಡಿ. ಹಿತ್ತಾಳೆ ಮೆದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಆ ಜೆಟ್ ಮತ್ತೆ ಲೆಕ್ಕಕ್ಕೆ ಬರುವುದಿಲ್ಲ. ಜೆಟ್ ಸರಿಯಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬುರೇಟರಿನ ಕೆಳಗಿನ ದಪ್ಪ ಪ್ಯಾಕಿಂಗ್, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪ್ ನೋಡಿ. ಐಡ್ಲಿಂಗ್‌ನಲ್ಲಿ ಜೋಡಣೆಗಳ ಸುತ್ತ ಸೋಪಿನ ನೀರು ಚಿಮುಕಿಸಿದಾಗ ಎಂಜಿನ್ ದನಿ ಬದಲಾಯಿತೆಂದರೆ ಗಾಳಿ ಅಲ್ಲೇ ಸೋರುತ್ತಿದೆ.

ಎದ್ದು, ಎರಡು ಸೆಕೆಂಡಿನಲ್ಲಿ ದಪ್ಪ ದನಿ ಮಾಡಿ ಸಾಯುವ ಫ್ಲಾಪ್ ಚೋಕ್ ಗಾಡಿಯಲ್ಲಿ, ಬಿಲ್ಲೆ ಗಾಳಿಗೆ ತೆರೆಯುತ್ತಿಲ್ಲ. ಚೋಕ್ ಎಳೆದಿಟ್ಟು ಬೆರಳಿನಿಂದ ಬಿಲ್ಲೆಯ ಅಗಲದ ಪಕ್ಕವನ್ನು ಒತ್ತಿ ನೋಡಿ. ಸ್ಪ್ರಿಂಗಿನ ಮೇಲೆ ಮೆತ್ತಗೆ ತೆರೆದು, ಬಿಟ್ಟಾಗ ತಾನೇ ಮುಚ್ಚಬೇಕು. ಬಿಗಿಯಿದ್ದರೆ ಕಡ್ಡಿಯ ಎರಡೂ ತುದಿಗೆ ಕ್ಲೀನರ್ ಹೊಡೆದು ಆಡಿಸಿ. ಅಲ್ಲಿಗೆ ಆಯಿಲ್ ಬಿಡಬೇಡಿ, ದೂಳು ಹಿಡಿದು ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಚೋಕ್ ಬಿಲ್ಲೆಯನ್ನು ಎಳೆಯಲು ನಿರ್ವಾತದ ಡಯಾಫ್ರಮ್ ಇರುವ ಕಾರ್ಬುರೇಟರ್ ಆದರೆ ಅದರ ಸಣ್ಣ ರಬ್ಬರ್ ಪೈಪ್ ಕಿತ್ತು ಬಾಯಲ್ಲಿ ಎಳೆಯಿರಿ: ಕಡ್ಡಿ ಒಳಸರಿದು, ನಾಲಿಗೆಯಿಂದ ಪೈಪ್ ಮುಚ್ಚಿದಾಗ ಹಾಗೇ ನಿಂತರೆ ಡಯಾಫ್ರಮ್ ಗಟ್ಟಿ.

ಎಸ್‌ಯುನಲ್ಲಿ ಜೆಟ್ ಕೆಳಗಿಳಿದದ್ದು ಮೇಲೇರದೆ ಅಂಟಿಕೊಳ್ಳುವುದು ಹಳೇ ಕಾಯಿಲೆ. ನಾಬ್ ಒಳಗಿದ್ದರೂ ಗಾಡಿ ಕಪ್ಪು ಹೊಗೆ ಬಿಡುತ್ತಿದ್ದರೆ ಕಾರ್ಬುರೇಟರಿನ ಕೆಳಗೆ ಬೆರಳಿಟ್ಟು ಜೆಟ್‌ನ ಬುಡವನ್ನು ಮೇಲಕ್ಕೆ ಒತ್ತಿ. ‘ಟಕ್’ ಎಂದು ಮೇಲೇರಿತೇ, ಕಾರಣ ಸಿಕ್ಕಿತು.

ಚೋಕ್ ಹೊರಗಿಟ್ಟೇ ಓಡಿಸಿದ್ದರ ಗುರುತು ಪ್ಲಗ್‌ನಲ್ಲಿ ಕಾಣುತ್ತದೆ. ಸರಿಯಿದ್ದ ಪ್ಲಗ್‌ನ ಮೂತಿ ಬಿಸ್ಕತ್ತಿನ ಬಣ್ಣ. ಒಣ ಮಸಿಯಂಥ ಕಪ್ಪು ಇದ್ದರೆ ಪೆಟ್ರೋಲ್ ಹೆಚ್ಚು. ಆದರೆ ಪ್ಲಗ್ ಒರೆಸಿದರೆ ಹೋಯಿತು, ದೊಡ್ಡ ಹಾನಿ ಕಣ್ಣಿಗೆ ಬೀಳದ ಕಡೆ ನಡೆಯುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆಯಿದ್ದು, ಮಟ್ಟ ಇಳಿಯುವ ಬದಲು ಏರಿದ್ದರೆ ಆ ಆಯಿಲ್ ನೀರಾಗಿದೆ, ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ. ನಾಲ್ಕು ಮಹಾನಗರಗಳಲ್ಲಿ 1995ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅಂಥ ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಮರೆತರೆ ಹಸಿ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸಬಹುದು.

ಈಗಿನ ಪೆಟ್ರೋಲಿನ ವಿಷಯವನ್ನೂ ಇಲ್ಲೇ ಹೇಳಬೇಕು. ಬಂಕಿನಲ್ಲಿ ಸಿಗುವುದು ಈಗ ಶೇ. 20ರಷ್ಟು ಎಥನಾಲ್ ಬೆರೆತದ್ದು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮೀರಿ ಶಾಖ ಕೇಳುತ್ತದೆ. ಜೊತೆಗೆ ಅದಕ್ಕೆ ಬೇಕಾದ ಗಾಳಿಯ ಪ್ರಮಾಣ ಕಡಿಮೆ. ಬರೀ ಪೆಟ್ರೋಲಿಗೆಂದು ಅಳೆದಿಟ್ಟ ಹಳೇ ಜೆಟ್‌ಗಳ ಲೆಕ್ಕದಲ್ಲಿ ಎಂಜಿನ್‌ಗೆ ಗಾಳಿ ಹೆಚ್ಚಾಗುತ್ತದೆ. ಮೊದಲು ಒಂದು ನಿಮಿಷ ಸಾಕಾಗುತ್ತಿದ್ದ ಚೋಕ್ ಈಗ ಎರಡು ನಿಮಿಷ ಬೇಕೆನಿಸಿದರೆ ಆಶ್ಚರ್ಯವಿಲ್ಲ, ಕಾರ್ಬುರೇಟರ್ ಕೆಟ್ಟಿದೆ ಎಂದು ಅವಸರದಲ್ಲಿ ಬಿಚ್ಚಬೇಡಿ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಬಟ್ಟಲಿನ ಪೆಟ್ರೋಲ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ, ಇಲ್ಲವಾದರೆ ಬಟ್ಟಲೊಳಗೆ ಬಿಳಿ ಪುಡಿ ಕಟ್ಟಿ ಅದೇ ಐಡ್ಲಿಂಗ್ ಜೆಟ್‌ಗೆ ಹೋಗಿ ಕೂರುತ್ತದೆ.

ಕೇಬಲ್ ಹೊಂದಿಸುವುದು

ನಾಬ್ ಗಟ್ಟಿಯಾಗಿದ್ದರೆ ಜೋರು ಮಾಡಬೇಡಿ, ಒಳತಂತಿ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಕಾರ್ಬುರೇಟರ್ ಕಡೆಯ ಸ್ಕ್ರೂ ಸಡಿಲಿಸಿ ತಂತಿಯನ್ನು ಹೊರಗೆಳೆದು, ತುಕ್ಕಿದ್ದರೆ ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ, ತೆಳು ಗ್ರೀಸ್ ಸವರಿ ವಾಪಸ್ ತೂರಿಸಿ. ಕೇಬಲ್ ಹೋಗುವ ದಾರಿಯಲ್ಲಿ ಚೂಪಾದ ತಿರುವು ಇರಬಾರದು, ಎಗ್ಸಾಸ್ಟ್‌ಗೆ ತಾಗಿರಬಾರದು.

ಹೊಂದಿಸುವಾಗ ನಾಬನ್ನು ಪೂರ್ತಿ ಒಳಗೆ ತಳ್ಳಿ, ಆಮೇಲೆ 2 ಮಿ.ಮೀ. ಮಾತ್ರ ಹೊರಗೆಳೆದು ನಿಲ್ಲಿಸಿ. ಕಾರ್ಬುರೇಟರಿನಲ್ಲಿ ಫ್ಲಾಪ್ ಬಿಲ್ಲೆಯನ್ನು ನೆಟ್ಟಗೆ, ಪೂರ್ತಿ ತೆರೆದ ಸ್ಥಿತಿಯಲ್ಲಿ ಹಿಡಿದು ತಂತಿಯ ಸ್ಕ್ರೂ ಬಿಗಿಯಿರಿ. ಆ 2 ಮಿ.ಮೀ. ಸಡಿಲವೇ ಚೋಕ್ ಪೂರ್ತಿ ತೆರೆಯುತ್ತದೆ ಎಂಬುದಕ್ಕೆ ಭರವಸೆ. ಸಡಿಲವಿಲ್ಲದೆ ಬಿಗಿದರೆ ಎಂಜಿನ್ ಅಲುಗಿದಾಗಲೆಲ್ಲ ಕೇಬಲ್ ಬಿಲ್ಲೆಯನ್ನು ಒಂದಿಷ್ಟು ಎಳೆಯುತ್ತದೆ, ಮೈಲೇಜ್ ಯಾಕೆ ಬಿತ್ತು ಎಂದು ನೀವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೀರಿ. ಈಗ ನಾಬ್ ಪೂರ್ತಿ ಎಳೆದು, ಬಿಲ್ಲೆ ಸುತ್ತಲೂ ಸಂದಿಲ್ಲದೆ ಮುಚ್ಚುತ್ತದೆಯೇ ನೋಡಿ. ಮುಚ್ಚದಿದ್ದರೆ ಹೊರಕವಚದ ಕ್ಲಾಂಪ್ ಸರಿದಿದೆ, ಒಳತಂತಿಯನ್ನು ಇನ್ನಷ್ಟು ಬಿಗಿ ಮಾಡಿ ಸರಿಪಡಿಸಲು ಹೋಗಬೇಡಿ. ಸೋಲೆಕ್ಸ್ ಸ್ಟಾರ್ಟರ್‌ನಲ್ಲೂ ಕ್ರಮ ಇದೇ: ನಾಬ್ ಒಳಗಿದ್ದಾಗ ಲಿವರ್ ತನ್ನ ತಡೆಗೆ ತಾಗಿ ನಿಲ್ಲಬೇಕು.

ಎಳೆದ ನಾಬ್ ತಾನೇ ಒಳಗೆ ಜಾರುತ್ತಿದ್ದರೆ ಹಿಡಿತದ ವಾಷರ್ ಸವೆದಿದೆ. ಹೊಸ ಕೇಬಲ್ ಸಿಗುವವರೆಗೆ ನಾಬಿನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸುವುದು ಲೋಕವೆಲ್ಲ ಬಲ್ಲ ಉಪಾಯ. ಒಂದು ಅನುಕೂಲವೂ ಇದೆ, ಚೋಕ್ ಒಳಗೆ ತಳ್ಳಿದ ಮೇಲೆ ಕ್ಲಿಪ್ ಕೈಯಲ್ಲೇ ಉಳಿಯುವುದರಿಂದ ಮರೆಯುವ ಮಾತೇ ಇಲ್ಲ. ಹೊಸದನ್ನು ತರುವಾಗ ಹಳೇ ಕೇಬಲನ್ನೇ ಅಂಗಡಿಗೆ ಒಯ್ದು ಒಳತಂತಿ, ಹೊರಕವಚ ಎರಡರ ಉದ್ದವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉದ್ದದ್ದನ್ನು ಕತ್ತರಿಸಿಕೊಳ್ಳಬಹುದು, ಗಿಡ್ಡದ್ದಕ್ಕೆ ಮದ್ದಿಲ್ಲ. ಸ್ಕ್ರೂ ಬಿಗಿದ ಮೇಲೂ ತಂತಿಯನ್ನು ಬುಡಕ್ಕೇ ಕತ್ತರಿಸದೆ 2 ಸೆಂ.ಮೀ. ಉಳಿಸಿ ಬಾಗಿಸಿ, ಸ್ಕ್ರೂ ಸಡಿಲಾದ ದಿನ ದಾರಿಯಲ್ಲಿ ಇಕ್ಕಳದಿಂದ ಹಿಡಿದೆಳೆಯಲು ಅಷ್ಟು ಬೇಕಾಗುತ್ತದೆ.